ಅಲ್ಕಟ್ರಾಜ್ ಜೈಲು ನೋಡಿ ಬಂದೆ: ಲೆಕ್ಕ ಬರೆಯುವವರ ಕಣ್ಣಿನಿಂದ ಒಂದು ವಿಮರ್ಶೆ

ಮೂವತ್ತೊಂದು ವರ್ಷ ದಾವಣಗೆರೆಯಲ್ಲಿ ಲೆಕ್ಕ ಬರೆದವಳು ನಾನು. ಮೊದಲ ಎರಡು ವರ್ಷ ಒಂದು ದಲಾಲಿ ಅಂಗಡಿಯಲ್ಲಿ, ಆಮೇಲೆಲ್ಲ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ. ಈಗ ಮಗಳ ಮನೆಗೆ, ಅಮೆರಿಕದ ಫ್ರೀಮಾಂಟಿಗೆ ಬಂದಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏನು ನೋಡಬೇಕು ಅಂತ ಅಳಿಯಂದಿರು ಕೇಳಿದಾಗ ಸೇತುವೆ, ಅಂಗಡಿ ಬೀದಿ ಎಲ್ಲ ಆಮೇಲೆ, ಮೊದಲು ಅಲ್ಕಟ್ರಾಜ್ ದ್ವೀಪದ ಹಳೇ ಜೈಲು ಅಂದೆ. ಅಲ್ ಕಪೋನೆ ಇದ್ದ ಜೈಲು ಅದು. 1920ರ ದಶಕದಲ್ಲಿ ಕಳ್ಳಸಾರಾಯಿ, ಜೂಜು ನಡೆಸಿ ಶಿಕಾಗೊವನ್ನೇ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಆ ಗೂಂಡಾ ನಾಯಕ ಒಳಗೆ ಹೋಗಿದ್ದು ಕೊಲೆ ಕೇಸಿನಲ್ಲಿ ಅಲ್ಲ, ಆದಾಯ ತೆರಿಗೆ ಕೇಸಿನಲ್ಲಿ. ನಮ್ಮ ಆಫೀಸಿನಲ್ಲಿ ಹೊಸ ಹುಡುಗರು ಬಂದಾಗೆಲ್ಲ ನಮ್ಮ ಸರ್ ಹೇಳುತ್ತಿದ್ದ ಕಥೆ ಇದು.

ಮೊದಲು ಹೋಗುವವರಿಗೆ ಬೇಕಾದ ವಿಷಯ. ದೋಣಿ ಹೊರಡುವುದು ಪಿಯರ್ 33 ಅನ್ನುವ ದೋಣಿಕಟ್ಟೆಯಿಂದ. ಟಿಕೆಟ್ ಸಾಕಷ್ಟು ದಿನ ಮುಂಚೆಯೇ ತೆಗೆದಿಡಿ, ಬೇಸಿಗೆ ರಜೆಯಲ್ಲಂತೂ ಹೋದ ದಿನವೇ ಸಿಗುವುದು ಕಷ್ಟ. ಇನ್ನೊಂದು ಮಾತು. ದ್ವೀಪದ ಸುತ್ತ ಒಂದು ಸುತ್ತು ಹಾಕಿ ವಾಪಸ್ ಬರುವ ದೋಣಿಗಳೇ ಬೇರೆ, ದ್ವೀಪದಲ್ಲಿ ಇಳಿಸುವ ದೋಣಿಯೇ ಬೇರೆ. ಮಗಳ ಪಕ್ಕದ ಮನೆಯವರು ಯಾವುದೋ ಸೈಟಿನಲ್ಲಿ ಮೊದಲನೆಯದನ್ನು ತೆಗೆದುಕೊಂಡು, ಜೈಲನ್ನು ನೀರಿನ ಮೇಲಿಂದ ನೋಡಿ ಬೇಜಾರಿನಿಂದ ಮನೆಗೆ ಬಂದಿದ್ದರು. ದುಡ್ಡು ಕಟ್ಟುವ ಮುಂಚೆ ಇಳಿಸುತ್ತಾರಾ ಅಂತ ಓದಿಕೊಳ್ಳಿ.

ದೋಣಿಯಲ್ಲಿ ಹದಿನೈದು ನಿಮಿಷ. ಸ್ವೆಟರ್ ಬೇಕೇ ಬೇಕು, ಜುಲೈ ಆದರೂ ಸರಿ. ಊರಲ್ಲಿ ಬಿಸಿಲಿದ್ದರೂ ನೀರಿನ ಮೇಲೆ ಗಾಳಿ ಚುಚ್ಚುತ್ತದೆ. ಇಳಿದ ಮೇಲೆ ಏರು ಹಾದಿ, ಹದಿಮೂರು ಮಹಡಿ ಹತ್ತಿದಷ್ಟು ಎತ್ತರ. ನನ್ನ ಮಂಡಿಗೆ ಅದು ಜಾಸ್ತಿಯೇ. ನಡೆಯಲು ಆಗದವರಿಗೆ ಒಂದು ಪುಟ್ಟ ಗಾಡಿ ಇದೆ. ನಾನು ಅದರಲ್ಲೇ ಹೋದೆ. ಗಾಡಿಯವನು ತಾಳ್ಮೆಯಿಂದ ಕೈಕೊಟ್ಟು ಹತ್ತಿಸಿದ, ಆ ಹುಡುಗನಿಗೆ ಒಳ್ಳೇದಾಗಲಿ. ತಿಂಡಿ ತಿನ್ನುವುದಿದ್ದರೆ ಕೆಳಗೆ ದೋಣಿ ನಿಲ್ಲುವ ಕಡೆಯೇ ಮುಗಿಸಿ, ಮೇಲೆ ತಿನ್ನುವ ಹಾಗಿಲ್ಲ. ಮಗಳು ಕಟ್ಟಿಕೊಟ್ಟಿದ್ದ ಚಪಾತಿ ಪಲ್ಯ ಅಲ್ಲೇ ಬೆಂಚಿನ ಮೇಲೆ ಕೂತು ತಿಂದೆವು.

ಜೈಲಿನ ಒಳಗೆ ಹೋಗುವಾಗ ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಕೊಡುತ್ತಾರೆ. ಸುಮಾರು ಮುಕ್ಕಾಲು ಗಂಟೆ. ಇದಕ್ಕೆ ಐದಕ್ಕೆ ಐದು ಕೊಡುತ್ತೇನೆ, ಕಣ್ಣು ಮುಚ್ಚಿಕೊಂಡು. ಯಾರೋ ನಟರು ಓದಿದ್ದಲ್ಲ ಅದು. ಅಲ್ಲಿ ಕೆಲಸ ಮಾಡಿದ ಕಾವಲುಗಾರರು, ಅಲ್ಲಿ ದಿನ ಎಣಿಸಿದ ಕೈದಿಗಳು ಅವರವರ ದನಿಯಲ್ಲೇ ಹೇಳಿರುವುದು. ಎಡಕ್ಕೆ ತಿರುಗಿ, ಎರಡು ಹೆಜ್ಜೆ ಮುಂದೆ ಬನ್ನಿ ಅಂತ ಹೇಳುತ್ತಾ ಹೇಳುತ್ತಾ ಬಾಗಿಲು ಧಡ್ ಅಂತ ಮುಚ್ಚುವ ಸದ್ದು ಕಿವಿಯಲ್ಲೇ ಬೀಳುತ್ತದೆ. ಹೊಸ ವರ್ಷದ ರಾತ್ರಿ ಆಚೆ ದಡದ ಪಾರ್ಟಿಯ ನಗು, ಹಾಡು ಗಾಳಿಯಲ್ಲಿ ಇಲ್ಲಿಗೆ ಕೇಳಿಸುತ್ತಿತ್ತಂತೆ. ಅದನ್ನು ಕೇಳುವಾಗ ನನಗೆ ಗಂಟಲು ಕಟ್ಟಿತು.

ಕೋಣೆಗಳು ಐದು ಅಡಿ ಅಗಲ, ಒಂಬತ್ತು ಅಡಿ ಉದ್ದ. ನಮ್ಮ ಹಳೇ ಮನೆಯ ದೇವರ ಕೋಣೆಯಷ್ಟು. ಊಟ, ಬಟ್ಟೆ, ಸೂರು, ಔಷಧಿ ಇಷ್ಟು ನಿನ್ನ ಹಕ್ಕು, ಮಿಕ್ಕಿದ್ದೆಲ್ಲ ನಾವು ದಯೆಯಿಂದ ಕೊಡುವುದು ಅಂತ ಅಲ್ಲಿನ ನಿಯಮ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಡುಗೆಮನೆ. ಊಟದ ಹಾಲಿನ ಕೊನೆಯಲ್ಲಿ ಇದೆ. ಅಲ್ಲಿ ಚಾಕು ತೂಗುಹಾಕುವ ಒಂದು ಹಲಗೆ. ಒಂದೊಂದು ಚಾಕುವಿನ ಹಿಂದೆಯೂ ಅದರದೇ ಆಕಾರ ಬಣ್ಣದಲ್ಲಿ ಬರೆದಿದ್ದಾರೆ. ದೊಡ್ಡ ಚಾಕುವಿಗೆ ದೊಡ್ಡ ನೆರಳು, ಸಣ್ಣದಕ್ಕೆ ಸಣ್ಣ ನೆರಳು. ಒಂದು ಚಾಕು ಕಾಣೆಯಾದರೆ ಎಣಿಸಲೇ ಬೇಕಿಲ್ಲ, ಆ ಜಾಗದಲ್ಲಿ ಖಾಲಿ ನೆರಳು ಎದ್ದು ಕಾಣುತ್ತದೆ. ಕೈದಿಗಳ ತಲೆಯನ್ನೂ ದಿನಕ್ಕೆ ಎಷ್ಟೋ ಸಲ ಎಣಿಸುತ್ತಿದ್ದರು. ಬೆಳಗ್ಗೆಯ ಬಾಕಿ, ಸಂಜೆಯ ಬಾಕಿ ತಾಳೆ ಆಗಲೇಬೇಕು. ನಾನು ಆ ಹಲಗೆಯ ಮುಂದೆ ತುಂಬ ಹೊತ್ತು ನಿಂತೆ. ಕಪೋನೆಯನ್ನು ಇಲ್ಲಿಗೆ ತಂದಿದ್ದೂ ಹೀಗೆಯೇ ಅಲ್ವಾ? ಅವನ ಆದಾಯ ಯಾರಿಗೂ ಕಾಣಲಿಲ್ಲ. ಆದರೆ ಅದರ ನೆರಳು ಎಲ್ಲ ಕಡೆ ಬಿದ್ದಿತ್ತು.

ಕಪೋನೆ ಇಲ್ಲಿಗೆ ಬಂದಿದ್ದು 1934ರ ಆಗಸ್ಟ್‌ನಲ್ಲಿ. ಅವನ ನಂಬರ್ 85. ಲಾಂಡ್ರಿಯಲ್ಲಿ ಕೆಲಸ ಮಾಡಿದ, ಜೈಲಿನ ವಾದ್ಯಮೇಳದಲ್ಲಿ ಬ್ಯಾಂಜೊ ನುಡಿಸಿದ. ಪ್ರವಾಸದಲ್ಲಿ ಅವನ ಫೋಟೊ ಬಂದಾಗ ಎಲ್ಲರೂ ಮೊಬೈಲ್ ಎತ್ತುತ್ತಾರೆ. ಕಿವಿಯಲ್ಲಿ ಕೇಳಿಸುವ ಕಥೆ ಜಾಸ್ತಿ ತಪ್ಪಿಸಿಕೊಂಡವರದು, ಜಗಳದ್ದು, ಒಂಟಿ ಕೋಣೆಯದು. ಜೈಲು ಅಂದ ಮೇಲೆ ಅದು ಸರಿಯೇ. ಕಪೋನೆ ಇಲ್ಲಿಗೆ ಬಂದ ದಾರಿಯ ಕಥೆ ಬೇಕಾದವರು ಮೊದಲೇ ಓದಿಕೊಂಡು ಹೋಗಬೇಕು. ಅದಕ್ಕೇ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತೇನೆ.

ಕೈದಿಗಳು ಗಾಳಿಗೆ ಬರುತ್ತಿದ್ದ ಅಂಗಳದಲ್ಲಿ ದೊಡ್ಡ ದೊಡ್ಡ ಮೆಟ್ಟಿಲುಗಳಿವೆ. ಅಲ್ಲಿ ಕೂತಾಗ ಅಳಿಯಂದಿರು ಕೇಳಿದರು, "ಅತ್ತೆ, ಅಷ್ಟೊಂದು ಕೊಲೆ ಮಾಡಿಸಿದವನನ್ನು ಬರೀ ಟ್ಯಾಕ್ಸ್ ಕಟ್ಟಿಲ್ಲ ಅಂತ ಹಿಡಿದರಾ? ಇದೆಂಥ ನ್ಯಾಯ?"

"ಬರೀ ಟ್ಯಾಕ್ಸ್ ಅನ್ನಬೇಡಿ," ಅಂದೆ. "ಕೊಲೆಗೆ ಸಾಕ್ಷಿ ಹೇಳುವವನು ಹೆದರಿ ಓಡಿಹೋಗುತ್ತಾನೆ. ಪುಸ್ತಕ ಓಡಿಹೋಗಲ್ಲ."

ಅಮೆರಿಕದಲ್ಲಿ 1913ರ ತೆರಿಗೆ ಕಾನೂನಿನಲ್ಲಿ ಕಾನೂನುಬದ್ಧ ವ್ಯವಹಾರದ ಆದಾಯ ಅಂತ ಒಂದು ಮಾತು ಇತ್ತು. ಮುಂದೆ ಬಂದ ಕಾನೂನುಗಳಲ್ಲಿ ಆ 'ಕಾನೂನುಬದ್ಧ' ಅನ್ನುವ ಪದ ಬಿಟ್ಟುಹೋಯಿತು. ಒಂದೇ ಒಂದು ಪದ! ಆಮೇಲೆ, ಅಮೆರಿಕದಲ್ಲಿ ಸಾರಾಯಿ ನಿಷೇಧ ಇದ್ದ ಕಾಲದಲ್ಲಿ, ಸಲಿವನ್ ಅನ್ನುವ ಒಬ್ಬ ಕಳ್ಳಸಾರಾಯಿ ವ್ಯಾಪಾರಿಯ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ರಿಟರ್ನ್ ಹಾಕಿದರೆ ನನ್ನ ಅಪರಾಧವನ್ನು ನಾನೇ ಒಪ್ಪಿಕೊಂಡಂತೆ ಆಗುತ್ತದೆ, ಹಾಗಾಗಿ ಹಾಕಲ್ಲ ಅಂತ ಅವನ ವಾದ. 1927ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಅದನ್ನು ತಳ್ಳಿಹಾಕಿದರು. ಕಳ್ಳ ದುಡ್ಡಿಗೂ ತೆರಿಗೆ ಇದೆ, ರಿಟರ್ನ್ ಹಾಕಲೇಬೇಕು ಅಂತ ಆಯಿತು. ಈ ದಾರಿಯನ್ನು ಹಟ ಹಿಡಿದು ಮುಂದೆ ತಳ್ಳಿದವರಲ್ಲಿ ಒಬ್ಬ ಹೆಣ್ಣುಮಗಳು ಇದ್ದರು. ಮೇಬಲ್ ವಾಕರ್ ವಿಲ್ಲೆಬ್ರಾಂಟ್, 1921ರಿಂದ 1929ರವರೆಗೆ ಸಹಾಯಕ ಅಟಾರ್ನಿ ಜನರಲ್ ಆಗಿದ್ದವರು. ಹೊಸದಾಗಿ ಹೆಂಗಸರಿಗೆ ವೋಟು ಸಿಕ್ಕಿದ್ದ ಕಾಲ ಅದು. ಅವರ ಹೆಸರನ್ನು ನಾನು ಅಳಿಯಂದಿರಿಗೆ ಎರಡು ಸಲ ಹೇಳಿದೆ.

ಇನ್ನು ಕಪೋನೆ. ಅವನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ, ಆಸ್ತಿ ಇಲ್ಲ, ಸಹಿ ಇಲ್ಲ. ಎಲ್ಲ ನಗದು. ರಿಟರ್ನ್ ಅಂತೂ ಒಂದು ವರ್ಷವೂ ಹಾಕಿದವನಲ್ಲ. ಖಜಾನೆ ಇಲಾಖೆಯ ತನಿಖಾ ಘಟಕಕ್ಕೆ ಎಲ್ಮರ್ ಐರಿ ಮುಖ್ಯಸ್ಥರು. ಅವರು ಫ್ರಾಂಕ್ ವಿಲ್ಸನ್ ಅನ್ನುವ ಅಧಿಕಾರಿಯನ್ನು ಶಿಕಾಗೊಗೆ ಕಳಿಸಿದರು. ಅವರದು ಕೂತು ಕಾಗದ ಓದುವ ಕೆಲಸ. ತಿಂಗಳುಗಟ್ಟಲೆ ಓದಿದರೂ ಏನೂ ಸಿಗಲಿಲ್ಲ.

1926ರಲ್ಲಿ ಮ್ಯಾಕ್‌ಸ್ವಿಗಿನ್ ಅನ್ನುವ ಸರ್ಕಾರಿ ವಕೀಲನ ಕೊಲೆಯಾದಾಗ ಪೊಲೀಸರು ಸಿಸೆರೊ ಊರಿನ ಜೂಜಿನ ಮನೆಗಳ ಮೇಲೆ ದಾಳಿ ಮಾಡಿ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಬೀರುವಿಗೆ ತುಂಬಿದ್ದರು. ನಾಲ್ಕು ವರ್ಷ ಅದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. 1930ರಲ್ಲಿ ಒಂದು ರಾತ್ರಿ ವಿಲ್ಸನ್ ಕೈಗೆ ಅದರಲ್ಲಿದ್ದ ಒಂದು ಲೆಡ್ಜರ್, ಅಂದರೆ ಲೆಕ್ಕದ ಪುಸ್ತಕ, ಸಿಕ್ಕಿತು. ಕಾಲಂ ಎಳೆದು ನೀಟಾಗಿ ಬರೆದದ್ದು. ರೂಲೆಟ್, ದಾಳದ ಆಟ, ಕುದುರೆ ಬಾಜಿ, ಒಂದೊಂದಕ್ಕೂ ಒಂದು ಕಾಲಂ. ಲಾಭ ಯಾರಿಗೆ ಎಷ್ಟು ಹಂಚಿದರು ಅನ್ನುವುದೂ ಇದೆ. ಒಂದು ಕಡೆ, ಅಲ್ ಪರವಾಗಿ ಫ್ರಾಂಕ್ 17,500 ಡಾಲರ್ ಕೊಟ್ಟ, ಅಂತ ಬರೆದಿದೆ. ಅಲ್ ಅಂದರೆ ಕಪೋನೆ, ಈ ಫ್ರಾಂಕ್ ಮಾತ್ರ ವಿಲ್ಸನ್ ಅಲ್ಲ, ಬೇರೆಯವನು.

ಲೆಕ್ಕ ಬರೆದು ಬದುಕಿದವರಿಗೆ ಈ ಜಾಗದಲ್ಲಿ ಮೈ ಜುಮ್ ಅನ್ನುತ್ತದೆ. ಯಾಕೆಂದರೆ ಮುಂದಿನ ಪ್ರಶ್ನೆ ಇದು: ಈ ಅಕ್ಷರ ಯಾರದು?

ನನ್ನ ಮೊದಲ ಕೆಲಸ, ಆ ದಲಾಲಿ ಅಂಗಡಿಯಲ್ಲಿ ಎರಡು ಪುಸ್ತಕ ಇದ್ದವು. ಪಕ್ಕಾ ಲೆಕ್ಕ ಒಂದು, ಕಚ್ಚಾ ಲೆಕ್ಕ ಒಂದು. ಪಕ್ಕಾದ್ದು ಮೇಜಿನ ಮೇಲೆ, ಕಚ್ಚಾದ್ದು ಗಲ್ಲಾಪೆಟ್ಟಿಗೆಯ ಕೆಳಗೆ, ಗೋಣಿಚೀಲದ ಅಡಿ. ಎರಡನ್ನೂ ಬರೆಯುತ್ತಿದ್ದವಳು ನಾನೇ. ಇಪ್ಪತ್ತಮೂರು ವಯಸ್ಸು, ಮನೆಯಲ್ಲಿ ದುಡ್ಡಿನ ತಾಪತ್ರಯ. ನನ್ನ 'ಕ' ಅಕ್ಷರದ ತಲೆಕಟ್ಟು ಸ್ವಲ್ಪ ಬಲಕ್ಕೆ ವಾಲುತ್ತದೆ, ಈಗಲೂ. ಒಂದು ದಿನ ಹತ್ತಿರದ ಇನ್ನೊಂದು ಅಂಗಡಿಗೆ ಅಧಿಕಾರಿಗಳು ಬಂದರು. ನಮ್ಮ ಸಾಹುಕಾರರು ಕಚ್ಚಾ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇವತ್ತು ಮನೆಗೆ ತಗೊಂಡು ಹೋಗಮ್ಮ," ಅಂದರು. ಆ ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ನಿಂತಿದ್ದಾಗ ನನಗೆ ತಿಳಿಯಿತು. ದುಡ್ಡು ಅವರದು, ಅಕ್ಷರ ನನ್ನದು. ಮುಂದಿನ ವಾರ ಕೆಲಸ ಬಿಟ್ಟೆ.

ಶಿಕಾಗೊದಲ್ಲಿ ಆ ಅಕ್ಷರ ಲೆಸ್ಲಿ ಶುಮ್‌ವೇ ಅನ್ನುವ ಗುಮಾಸ್ತನದು. ಬ್ಯಾಂಕಿನ ಒಂದು ಚಲನ್ನಿನ ಮೇಲಿದ್ದ ಅಕ್ಷರಕ್ಕೂ ಲೆಡ್ಜರ್ ಅಕ್ಷರಕ್ಕೂ ತಾಳೆ ನೋಡಿ ಕಂಡುಹಿಡಿದರು. 1931ರಲ್ಲಿ ಅವನು ಸಿಕ್ಕಿದ್ದು ದೂರದ ಮಯಾಮಿಯ ರೇಸ್ ಮೈದಾನದಲ್ಲಿ. ಅವನು ಹೇಳಿದ ಲೆಕ್ಕದ ಪ್ರಕಾರ ಆ ಒಂದು ಜೂಜಿನ ಮನೆಯಿಂದಲೇ ಎರಡು ವರ್ಷದಲ್ಲಿ ಐದು ಲಕ್ಷ ಡಾಲರಿಗಿಂತ ಜಾಸ್ತಿ ಲಾಭ. ಆ ಮನುಷ್ಯ ಕೋರ್ಟಿಗೆ ಬಂದು, ಕಪೋನೆಯನ್ನು ಎದುರಿಗೆ ಕೂರಿಸಿಕೊಂಡು, ಹೌದು ಇದು ನಾನು ಬರೆದದ್ದು ಅಂದನಲ್ಲ, ಅದಕ್ಕೆ ಎಂಥ ಎದೆಗಾರಿಕೆ ಬೇಕು! ಬಂದೂಕು ಹಿಡಿದವರ ಧೈರ್ಯದ ಕಥೆ ಎಲ್ಲರಿಗೂ ಗೊತ್ತು. ಈ ಗುಮಾಸ್ತನ ಹೆಸರು ಗೊತ್ತಿರುವವರು ಎಷ್ಟು ಜನ?

ಆ ಮನೆ ಕಪೋನೆಯದೇ ಅಂತ ತೋರಿಸಬೇಕಿತ್ತು. ಅದಕ್ಕೆ ಒಬ್ಬ ಪಾದ್ರಿ ಸಾಕ್ಷಿ ಹೇಳಿದರು. 1925ರಲ್ಲಿ ಅವರು ಊರಿನವರ ಜೊತೆ ಆ ಜೂಜಿನ ಮನೆಗೆ ನುಗ್ಗಿದ್ದರು. ಆಗ ಕಪೋನೆ ಮಲಗಿದ್ದವನು ಎದ್ದು ಪೈಜಾಮದಲ್ಲೇ ಓಡಿ ಬಂದು, ಈ ಜಾಗದ ಮಾಲೀಕ ನಾನೇ, ಅಂದುಬಿಟ್ಟಿದ್ದ.

ಅವನ ತೆರಿಗೆ ವಕೀಲ ಮಾಡಿದ ಕೆಲಸ ಇನ್ನೂ ದೊಡ್ಡದು. ರಾಜಿ ಮಾಡಿಕೊಂಡು ಮುಗಿಸೋಣ ಅಂತ 1930ರ ಸೆಪ್ಟೆಂಬರ್‌ನಲ್ಲಿ ಇಲಾಖೆಗೆ ಒಂದು ಕಾಗದ ಕೊಟ್ಟ. ನನ್ನ ಕಕ್ಷಿದಾರನ ಆದಾಯ 1926ಕ್ಕೆ 26,000 ಡಾಲರ್, 1927ಕ್ಕೆ 40,000, 1928 ಮತ್ತು 1929ಕ್ಕೆ ವರ್ಷಕ್ಕೆ 1,00,000 ಮೀರದು ಅಂತ. ಆದಾಯ ಇತ್ತು ಅಂತ ಕೈಯಾರೆ ಬರೆದುಕೊಟ್ಟಂತೆ ಆಯಿತಲ್ಲ! ಆ ಕಾಗದವೂ ಕೋರ್ಟಿಗೆ ಹೋಯಿತು. ನಮ್ಮ ಸರ್ ಪ್ರತಿ ಸಲ ಒಂದು ಮಾತು ಹೇಳುತ್ತಿದ್ದರು: ಇಲಾಖೆಗೆ ಕಳಿಸುವ ಕಾಗದದಲ್ಲಿ ಒಂದು ಅಂಕಿ ಬರೆಯುವ ಮುಂಚೆ ಒಂದು ರಾತ್ರಿ ಮಲಗಿ ಏಳಬೇಕು.

ಮಿಕ್ಕಿದ್ದು ಖರ್ಚಿನ ನೆರಳು. ಸರ್ಕಾರಿ ವಕೀಲರು ಅಂಗಡಿಯವರನ್ನು ಒಬ್ಬೊಬ್ಬರನ್ನಾಗಿ ಕರೆದರು. ವಜ್ರ ಕೂರಿಸಿದ ಬೆಲ್ಟ್ ಬಕಲ್ ಮಾರಿದವರು, ರೇಷ್ಮೆ ಒಳಉಡುಪು ಮಾರಿದವರು, ಸೂಟು ಹೊಲಿದವರು, ಮಾಂಸದ ಅಂಗಡಿಯವರು, ಹೋಟೆಲಿನವರು. ಮಯಾಮಿಯ ಪಾಮ್ ಐಲ್ಯಾಂಡಿನ ಮನೆ. ತಂತಿ ಮೂಲಕ ಕಳಿಸಿದ ಹಣ. ಫೋನ್ ಬಿಲ್ಲು. ಆದಾಯ ಇಲ್ಲದವನಿಗೆ ಇಷ್ಟು ಖರ್ಚು ಎಲ್ಲಿಂದ ಬಂತು?

ನಮ್ಮ 1961ರ ಆದಾಯ ತೆರಿಗೆ ಕಾಯ್ದೆಯಲ್ಲೂ ಇದೇ ಪ್ರಶ್ನೆಗೆ ಒಂದು ಸೆಕ್ಷನ್ ಇತ್ತು, 69ಸಿ. ಖರ್ಚಿನ ದುಡ್ಡಿನ ಮೂಲ ಹೇಳದಿದ್ದರೆ ಆ ಖರ್ಚನ್ನೇ ಆದಾಯ ಅಂತ ಹಿಡಿಯಬಹುದು. ನಮ್ಮ ಆಫೀಸಿಗೆ ಬರುತ್ತಿದ್ದ ಒಬ್ಬ ವ್ಯಾಪಾರಿಯ ಲೆಕ್ಕ ಸ್ಕ್ರೂಟಿನಿಗೆ, ಅಂದರೆ ಇಲಾಖೆಯ ಪರಿಶೀಲನೆಗೆ, ಬಿತ್ತು. ಮಾರಾಟದ ಪುಸ್ತಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಅಧಿಕಾರಿ ಪುಸ್ತಕ ಮುಚ್ಚಿಟ್ಟು, ಮಗಳ ಮದುವೆಗೆ ಎಷ್ಟು ಎಲೆ ಹಾಕಿಸಿದಿರಿ ಅಂತ ಕೇಳಿದರು. ಛತ್ರದ ಬಾಡಿಗೆ, ಅಡುಗೆಯವರು, ಹೂವು, ವಾಲಗ. ಆ ವ್ಯಾಪಾರಿ ಕೈ ಒರೆಸಿಕೊಂಡ ರುಮಾಲು ಒದ್ದೆ ಆಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಅಳಿಯಂದಿರು ಇನ್ನೊಂದು ಒಳ್ಳೆಯ ಪ್ರಶ್ನೆ ಕೇಳಿದರು. ಕಳ್ಳನಿಗೂ ತೆರಿಗೆ ಅಂದರೆ, ಕಳ್ಳನ ನಷ್ಟವನ್ನೂ ಕಳೆಯಬೇಕಲ್ಲ? ಸರಿಯಾದ ಪ್ರಶ್ನೆ. ನಮ್ಮ ದೇಶದಲ್ಲಿ 1980ರಲ್ಲಿ ಪಿಯಾರಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೌದು ಅಂದಿತು. ಬಂಗಾರ ಕಳ್ಳಸಾಗಣೆ ಮಾಡುವವನ ನೋಟು ಗಡಿಯಲ್ಲಿ ಜಪ್ತಿಯಾಗಿತ್ತು. ಆ ಧಂದೆಯ ಆದಾಯಕ್ಕೆ ತೆರಿಗೆ ಹಾಕುವುದಾದರೆ ಈ ಜಪ್ತಿಯೂ ಅದೇ ಧಂದೆಯ ನಷ್ಟ ಅಂತ ತೀರ್ಪು. ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಹಾಗೆ ಅನ್ನಿಸಲ್ಲ. ಕಳ್ಳನ ಲೆಕ್ಕವನ್ನೂ ನ್ಯಾಯವಾಗಿಯೇ ಹಾಕಬೇಕು, ಆಗಲೇ ಆ ಲೆಕ್ಕಕ್ಕೆ ಬೆಲೆ.

ಕಪೋನೆ ಮೊದಲು ತಪ್ಪೊಪ್ಪಿಕೊಂಡಿದ್ದ, ಎರಡೂವರೆ ವರ್ಷದಲ್ಲಿ ಮುಗಿಯುತ್ತದೆ ಅಂತ ನಂಬಿ. ನ್ಯಾಯಾಧೀಶ ವಿಲ್ಕರ್ಸನ್ ಚೌಕಾಸಿ ಒಪ್ಪಲಿಲ್ಲ. ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಹೇಳುವ ಜ್ಯೂರಿಯವರಿಗೆ ಲಂಚ ಹೋಗುತ್ತಿದೆ ಅಂತ ಸುದ್ದಿ ಬಂದಾಗ ವಿಚಾರಣೆ ಶುರುವಾಗುವ ದಿನವೇ ಜ್ಯೂರಿ ಪಟ್ಟಿಯನ್ನು ಪಕ್ಕದ ಕೋರ್ಟಿನ ಪಟ್ಟಿಯ ಜೊತೆ ಅದಲುಬದಲು ಮಾಡಿಸಿದರು. 1931ರ ಅಕ್ಟೋಬರ್ 17ಕ್ಕೆ ತೀರ್ಪು, ಇಪ್ಪತ್ತಕ್ಕೂ ಹೆಚ್ಚು ಆರೋಪಗಳಲ್ಲಿ ಐದಕ್ಕೆ ಮಾತ್ರ ತಪ್ಪಿತಸ್ಥ. ಅಷ್ಟು ಸಾಕಾಯಿತು. 24ಕ್ಕೆ ಶಿಕ್ಷೆ: ಹನ್ನೊಂದು ವರ್ಷ ಜೈಲು, 50,000 ಡಾಲರ್ ದಂಡ, ಬಾಕಿ ತೆರಿಗೆ ಬೇರೆ. ಸಾರಾಯಿ ನಿಷೇಧ ಜಾರಿ ಮಾಡುತ್ತಿದ್ದ ಅಧಿಕಾರಿ ಎಲಿಯಟ್ ನೆಸ್ ತಂಡ ಸೇರಿಸಿದ್ದ ಸಾರಾಯಿ ಕೇಸು ವಿಚಾರಣೆಗೇ ಬರಲಿಲ್ಲ.

ಅವನೊಬ್ಬನೇ ಅಲ್ಲ. ಅಣ್ಣ ರಾಲ್ಫ್, ಬಲಗೈ ಫ್ರಾಂಕ್ ನಿಟ್ಟಿ, ಗುಂಪಿನ ದುಡ್ಡು ನೋಡಿಕೊಳ್ಳುತ್ತಿದ್ದ ಜ್ಯಾಕ್ ಗುಜಿಕ್ ಎಲ್ಲರೂ ಅದಕ್ಕೂ ಮುಂಚೆಯೇ ತೆರಿಗೆ ಕೇಸಿನಲ್ಲೇ ಸಿಕ್ಕಿಬಿದ್ದಿದ್ದರು. ಮುಂದೆ 1961ರಲ್ಲಿ ಲಾಸ್ ಏಂಜಲೀಸಿನ ಗೂಂಡಾ ಮಿಕ್ಕಿ ಕೋಹೆನ್ ಇದೇ ಅಲ್ಕಟ್ರಾಜಿಗೆ ಬಂದದ್ದೂ ತೆರಿಗೆ ಕದ್ದು.

ಅಳಿಯಂದಿರ ಮೊದಲ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಇದೆ. ಸತ್ತವರ ಮನೆಯವರಿಗೆ ಇದರಿಂದ ಏನು ಸಿಕ್ಕಿತು? ಅವರ ಹೆಸರು ಆ ಆರೋಪಪಟ್ಟಿಯಲ್ಲಿ ಇರಲಿಲ್ಲ. ಇದು ನನಗೂ ನೋವಿನ ವಿಷಯ. ಆದರೂ ಪೊಲೀಸರು, ನಗರಸಭೆ, ಕೋರ್ಟು ಎಲ್ಲ ಕೊಂಡುಕೊಂಡವನ ಹತ್ತಿರ ಕೊಂಡುಕೊಳ್ಳಲಾಗದ ಒಂದು ಪುಸ್ತಕ ಉಳಿದಿತ್ತು. ಅದನ್ನು ಬಿಟ್ಟರೆ ಅವತ್ತು ಬೇರೆ ದಾರಿ ಕಾಣುತ್ತಿರಲಿಲ್ಲ.

ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ. ಬೆಳಗಿನ ದೋಣಿ ಒಳ್ಳೆಯದು, ಒಳಗೆ ಜನ ಕಡಿಮೆ ಇರುತ್ತಾರೆ. ಮಕ್ಕಳಿಗೆ ಒಂಟಿ ಕೋಣೆಯ ಕಥೆ ಹೆದರಿಕೆ ಆಗಬಹುದು, ಆರೇಳು ವರ್ಷದವರನ್ನು ಕರೆದುಕೊಂಡು ಹೋಗುವ ಮುಂಚೆ ಯೋಚಿಸಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಬಿಟ್ಟಿದ್ದು ಆ ಲೆಡ್ಜರ್ ಕಥೆ ಅಲ್ಲಿ ಕೇಳಿಸದ ಸಲುವಾಗಿ.

ವಾಪಸ್ ಬರುವಾಗ ದೋಣಿಯಲ್ಲಿ ಕೂತು ಚಾಕು ಹಲಗೆಯ ಫೋಟೊವನ್ನು ದಾವಣಗೆರೆಗೆ ಕಳಿಸಿದೆ, ನನ್ನ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದವಳಿಗೆ. ಅಲ್ಲಿ ಆಗ ನಡುರಾತ್ರಿ. ಆದರೂ ಎರಡೇ ನಿಮಿಷಕ್ಕೆ ಉತ್ತರ ಬಂತು. "ಅಕ್ಕಾ, ನಮ್ಮ ಸ್ಟಾಕ್ ರಿಜಿಸ್ಟರ್ ಇದ್ದಂಗೆ ಐತಿ."